ಬಿಸಿಬೇಳೆಬಾತ್ ಮುಗಿಯುವವರೆಗೆ ಬಾವುಟ ಎತ್ತಬೇಡಿ

ಈ ವರ್ಷ ನಮ್ಮ ಫುಟ್ಬಾಲ್ ಲೀಗಿನ ರೆಫ್ರೀ ಕೋರ್ಸಿಗೆ ಮೂವರು ಕನ್ನಡದ ಹುಡುಗಿಯರು ಸೇರಿದ್ದಾರೆ. ಹೈಸ್ಕೂಲು ಮಕ್ಕಳು. ಹೋದ ಶನಿವಾರ ಗ್ರೌಂಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, "ಆಂಟಿ, ವಾಟ್ ಈಸ್ ದ ಜಾಬ್ ರಿಯಲಿ ಲೈಕ್?" ಎಂದು ಕೇಳಿದರು. ಅಜ್ಜಿ ಎನ್ನದೆ ಆಂಟಿ ಎಂದರಲ್ಲ, ಅಷ್ಟಕ್ಕೇ ಕರಗಿ, ಬರೆದು ಕೊಡುತ್ತೇನೆಂದು ಒಪ್ಪಿಕೊಂಡೆ. ಅವರಿಗೆ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತು. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮಂದಿರು ಓದಿ ಹೇಳಲಿ. ಟಚ್‌ಲೈನಿನಲ್ಲಿ ನಿಂತು ನಮ್ಮ ಮೇಲೆ ಕೂಗಾಡುವವರು ಆ ಅಮ್ಮಂದಿರೇ ಆದ್ದರಿಂದ ಅವರ ಕಿವಿಗೂ ನಾಲ್ಕು ಮಾತು ಬಿದ್ದಂತಾಗುತ್ತದೆ.

ಎರಡು ದಶಕಕ್ಕೂ ಮೇಲೆ ನಾನು ಈ ಕೆಲಸದಲ್ಲಿದ್ದೆ. ವಾರದ ದಿನಗಳಲ್ಲಿ ಲೀಗಿನ ಆಫೀಸಿನಲ್ಲಿ ಕೂತು ಯಾವ ಮ್ಯಾಚಿಗೆ ಯಾರು ಎಂದು ಹಂಚುವುದು, ವಾರಾಂತ್ಯದಲ್ಲಿ ನಾನೇ ಸೀಟಿ ಕಟ್ಟಿಕೊಂಡು ಹೊರಡುವುದು. ಯಾವಾಗ ಯಾವ ಗ್ರೇಡು ಸಿಕ್ಕಿತು ಎಂಬುದೆಲ್ಲ ಬೋರು, ಅದು ಬೇಡ. ಹೇಳಬೇಕಾದದ್ದು ಉರ್ಸುಲಾಳ ವಿಷಯ. ಚಿಕ್ಕ ವಯಸ್ಸಿನಲ್ಲಿ ಜರ್ಮನಿಗಾಗಿ ನೂರು ಮೀಟರ್ ಓಡಿದವಳು, ಆಮೇಲೆ ಕ್ಯಾಲಿಫೋರ್ನಿಯಾದ ಈ ಬೇ ಏರಿಯಾದಲ್ಲಿ ಫುಟ್ಬಾಲಿನ ಬಾವುಟ ಹಿಡಿದವಳು, ರೆಫ್ರೀಗಳಿಗೆಲ್ಲ ಬಾಸು. ಆ ಉರ್ಸುಲಾಳ ಬ್ಯಾಜೇ, ಅಂದರೆ ರೆಫ್ರೀ ಪರವಾನಗಿಯೇ, ಹೋಗುವುದರಲ್ಲಿದ್ದ ಒಂದು ಶರತ್ಕಾಲದ ಸೀಸನ್ನಿನ ಕಥೆಯನ್ನು ನಿಮಗೆ ಹೇಳದಿದ್ದರೆ ಕೋರ್ಸು ಮುಗಿಸಿಯೂ ಪ್ರಯೋಜನವಿಲ್ಲ. ನನಗಿಂತ ಹಿರಿಯಳು, ಬಹುವಚನ ಕೊಡಬೇಕಿತ್ತು. ಆದರೆ ಇಂಗ್ಲಿಷಿನಲ್ಲಿ ಜಗಳವಾಡಿದವರಿಗೆ ಕನ್ನಡದಲ್ಲಿ ಮರ್ಯಾದೆ ಕೊಡಲು ನಾಲಿಗೆ ಏಳುವುದಿಲ್ಲ.

ಇನ್ನೊಂದು ಮಾತು. ಫುಟ್ಬಾಲಿಗೆ ಇಲ್ಲಿನವರು ಸಾಕರ್ ಎನ್ನುತ್ತಾರೆ. ಉರ್ಸುಲಾಳ ಎದುರು ಆ ಪದ ಆಡಿದವರಿಗೆ ಮುಂದಿನ ವಾರ ನಸುಕಿನ ಮ್ಯಾಚು ಬೀಳುತ್ತಿತ್ತು, ಅದೂ ದೂರದ ಗ್ರೌಂಡಿನಲ್ಲಿ. ಹಂಚುವವಳು ನಾನೇ ಆದ್ದರಿಂದ ನನಗೆ ಗೊತ್ತು.

ನಾನು ಕೆಲಸ ಹುಡುಕಿಕೊಂಡು ಹೋದವಳಲ್ಲ. ಫ್ರೀಮಾಂಟಿನಲ್ಲಿ ಮಗಳ ಮ್ಯಾಚು ನೋಡಲು ಹೋಗಿದ್ದೆ. ಗಾಳಿಗೆ ನನ್ನ ದುಪಟ್ಟಾ ಹಾರಿ ಪಾರ್ಕಿಂಗ್ ಲಾಟಿನ ಕಡೆ ಹೊರಟಿತು. ಅಟ್ಟಿಸಿಕೊಂಡು ಹೋಗಿ ಹಿಡಿದೆ. ತಿರುಗಿ ಬರುವಾಗ ಗೇಟಿನಲ್ಲಿ ಎತ್ತರದ ಹೆಂಗಸೊಬ್ಬಳು ಕೈಕಟ್ಟಿ ನಿಂತಿದ್ದಳು. ಗಂಡಸರಂತೆ ಕತ್ತರಿಸಿದ ಕೂದಲು, ಕತ್ತಿನಲ್ಲಿ ಸೀಟಿ.

"ಮಂಡಿ ಎತ್ತಿ ಓಡುತ್ತೀಯ. ಯಾರು ಕಲಿಸಿದ್ದು?" ಎಂದು ಕೇಳಿದಳು.

"ಸಿಸ್ಟರ್ ಆಗ್ನೆಸ್. ಮೈಸೂರಿನ ಕಾನ್ವೆಂಟಿನಲ್ಲಿ."

"ನನ್‌ಗಳು ಓಡುತ್ತಾರಾ?"

"ಇಲ್ಲ. ಅವರನ್ನು ಕಂಡು ನಾವು ಓಡುತ್ತಿದ್ದೆವು."

ಅವಳು ನಗಲಿಲ್ಲ. "ಗುಡ್. ಇವತ್ತು ನನ್ನ ಲೈನ್ಸ್‌ಮನ್ ಒಬ್ಬ ಬಂದಿಲ್ಲ," ಎಂದು ಬಾವುಟವನ್ನು ನನ್ನ ಕೈಗೆ ತುರುಕಿದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಗೆರೆಯ ಮೇಲೆ ನಿಂತೆ. ಮಗಳು ಆ ಇಡೀ ಮ್ಯಾಚು ನನ್ನನ್ನು ಗುರುತಿಲ್ಲದವಳಂತೆ ನೋಡಿದಳು.

ಅಂದು ನಾನು ಬಾವುಟ ಎತ್ತಿದ್ದೆಲ್ಲ ತಪ್ಪು. ಕಾನ್ವೆಂಟಿನಲ್ಲಿ ಮೊದಲು ಕೈ ಎತ್ತಿದವರಿಗೆ ಬಹುಮಾನ, ಉತ್ತರ ಗೊತ್ತಿದೆಯೋ ಇಲ್ಲವೋ ಆಮೇಲಿನ ಮಾತು. ಆಫ್‌ಸೈಡ್ ನೋಡುವವರಿಗೆ ಅದಕ್ಕಿಂತ ಕೆಟ್ಟ ಅಭ್ಯಾಸವಿಲ್ಲ. ಎದುರು ತಂಡದ ಕೊನೆಯ ಸಾಲನ್ನು ದಾಟಿ ನಿಂತವಳಿಗೆ ಬಾಲು ಪಾಸಾದರೆ ಆಫ್‌ಸೈಡ್. ಆದರೆ ಬರೀ ಅಲ್ಲಿ ನಿಂತದ್ದು ತಪ್ಪಲ್ಲ. ಅವಳು ಆ ಬಾಲಿಗೆ ಹೋಗುತ್ತಾಳೋ, ಹಿಂದಿನಿಂದ ಬರುತ್ತಿರುವ ಗೆಳತಿಗೆ ಬಿಟ್ಟು ಸುಮ್ಮನಾಗುತ್ತಾಳೋ ನೋಡಬೇಕು. ನೋಡಬೇಕೆಂದರೆ ಕಾಯಬೇಕು. ನಾನು ಪಾಸು ಕಾಲಿನಿಂದ ಹೊರಡುವ ಮೊದಲೇ ಬಾವುಟ ಎತ್ತಿ ನಿಂತಿದ್ದೆ.

ಮ್ಯಾಚು ಮುಗಿದ ಮೇಲೆ ಉರ್ಸುಲಾ ನನ್ನನ್ನೂ ಮಗಳನ್ನೂ ತನ್ನ ಕಾರಿನಲ್ಲಿ ಮನೆಗೆ ಬಿಟ್ಟಳು. 880 ಫ್ರೀವೇಯಲ್ಲಿ ಟ್ರಾಫಿಕ್ಕು ಹೆಪ್ಪುಗಟ್ಟಿತ್ತು. ಆ ಸಂದಿಯಲ್ಲಿ ತನ್ನ ಕಥೆ ಹೇಳಿದಳು, ಹವಾಮಾನ ವರದಿ ಓದುವವರ ಹಾಗೆ.

ಜರ್ಮನಿಯ ಒಂದು ಸಣ್ಣ ಊರು. ಅಪ್ಪನದು ಬೇಕರಿ. ಬೆಳಗಿನ ಬ್ರೆಡ್ಡನ್ನು ಮನೆಮನೆಗೆ ಓಡಿಕೊಂಡೇ ಹಾಕುತ್ತಿದ್ದಳಂತೆ, ಬಿಸಿ ಆರುವುದರೊಳಗೆ. ಸ್ಕೂಲಿನ ಕೋಚ್ ಕಣ್ಣಿಗೆ ಬಿದ್ದಳು. ಜಿಲ್ಲೆ ಗೆದ್ದಳು, ದೇಶದ ಜರ್ಸಿ ತೊಟ್ಟಳು, ದೊಡ್ಡ ಕೂಟಕ್ಕೆ ಹೋದಳು. ಅಮ್ಮ ರೈಲಿನಲ್ಲಿ ಬಂದು, ಮಗಳು ಗೆದ್ದ ಮೇಲೆ ಹಂಚಲೆಂದು ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಸ್ಟ್ಯಾಂಡಿನಲ್ಲಿ ಕೂತಿದ್ದರು. ಆಗಿನ ನಿಯಮದಲ್ಲಿ ಗುಂಡು ಹಾರುವ ಮುಂಚೆ ಹೊರಟರೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಮನೆಗೆ. ಉರ್ಸುಲಾ ಎರಡು ಸಲವೂ ಹೊರಟಳು.

"ಅಮ್ಮ ಕೆಳಗಿಳಿದು ಬಂದು ಒಂದೇ ಮಾತು ಕೇಳಿದಳು," ಎಂದಳು ಉರ್ಸುಲಾ. "ಅಷ್ಟು ಅವಸರ ಏನಿತ್ತು?"

"ನೀನೇನಂದೆ?"

"ಇನ್ನೂ ಯೋಚಿಸುತ್ತಿದ್ದೇನೆ."

ಅದಾದ ಮೇಲೆ ಅವಳು ಸ್ಪರ್ಧೆಗೆ ಇಳಿಯಲಿಲ್ಲ. ಮದುವೆ ಅವಳನ್ನು ಈ ದೇಶಕ್ಕೆ ತಂದಿತು. ಮದುವೆ ಹೋಯಿತು, ದೇಶ ಉಳಿಯಿತು. ಓಕ್ಲ್ಯಾಂಡ್ ಬಂದರಿನಲ್ಲಿ ಹಡಗಿನ ಕಂಪನಿಯ ಕೆಲಸ. ತಡವಾಗಿ ಬರುವ ಹಡಗುಗಳಿಗೆ ಕಾಯುವುದೇ ನನ್ನ ಉದ್ಯೋಗ, ಅದರಲ್ಲೇ ಬುದ್ಧಿ ಬಂದದ್ದು, ಎನ್ನುತ್ತಿದ್ದಳು. ಒಂದು ಭಾನುವಾರ ಬಂದರಿನವರ ಫುಟ್ಬಾಲ್ ಮ್ಯಾಚಿಗೆ ಲೈನ್ಸ್‌ಮನ್ ಬೇಕಾಗಿ ಇವಳ ಕೈಗೆ ಬಾವುಟ ಬಂತು. ಓಟದಲ್ಲಿ ಕಣ್ಣು ಮಿಟುಕಿಸುವಷ್ಟು ತಡವಾದರೂ ಸೋಲು. ಇಲ್ಲಿ ತಡಮಾಡಿದವರಿಗೇ ಮರ್ಯಾದೆ. ತನಗಾಗಿಯೇ ಯಾರೋ ಮಾಡಿಟ್ಟ ಕೆಲಸ ಅನ್ನಿಸಿತಂತೆ.

ಕಲಿಸುವುದರಲ್ಲಿ ಅವಳದೇ ಒಂದು ಪದ್ಧತಿ ಇತ್ತು. ಆಫ್‌ಸೈಡ್ ಎಂದು ಕಂಡ ಕೂಡಲೇ ಕೈ ಎತ್ತಕೂಡದು. ಮನಸ್ಸಿನಲ್ಲಿ ಒಂದು ಉದ್ದನೆಯ ಪದವನ್ನು ಪೂರ್ತಿ ಹೇಳಬೇಕು. ಹೇಳಿ ಮುಗಿದ ಮೇಲೂ ಆಫ್‌ಸೈಡ್ ಆಗಿಯೇ ಇದ್ದರೆ ಆಗ ಬಾವುಟ. ಅವಳ ಪದ ಜರ್ಮನ್, ಗೂಡ್ಸ್ ರೈಲಿನಷ್ಟು ಉದ್ದ. ಅರ್ಥ ಕೇಳಿದೆ. ಜಿಲ್ಲೆಯ ಚಿಮಣಿ ಗುಡಿಸುವವರ ಮುಖ್ಯಸ್ಥ ಎಂದಳು.

"ನಿನ್ನ ಭಾಷೆಯಲ್ಲಿ ಒಂದು ಪದ ಆರಿಸು. ಮಧ್ಯದಲ್ಲಿ ಉಸಿರು ಕಟ್ಟುವಂತಿರಬೇಕು."

ಬೆಳಗಿನ ತಿಂಡಿ ತಿಂದಿರಲಿಲ್ಲ. ಬಾಯಿಗೆ ಬಂದದ್ದು ಬಿಸಿಬೇಳೆಬಾತ್.

ಅವಳು ನಾಲ್ಕು ಸಲ ಹೇಳಿ ನೋಡಿ, "ಏನಿದು, ಮಂತ್ರಿಯ ಹುದ್ದೆಯಾ?" ಎಂದಳು. ಮುಂದಿನ ವಾರ ಡಬ್ಬಿಯಲ್ಲಿ ತಂದು ಕೊಟ್ಟೆ. ಮೇಲೆ ತುಪ್ಪ, ಪಕ್ಕದಲ್ಲಿ ಆಲೂಗಡ್ಡೆ ಚಿಪ್ಸು. ಮೂಗು ಒರೆಸಿಕೊಳ್ಳುತ್ತಾ ಡಬ್ಬಿ ಖಾಲಿ ಮಾಡಿ, ಚಿಮಣಿಯವನನ್ನು ಅವತ್ತೇ ಕೆಲಸದಿಂದ ತೆಗೆದಳು. ಅಲ್ಲಿಂದಾಚೆ ಅವಳೂ ಬಿಸಿಬೇಳೆಬಾತ್. ಅವಳ ಕೈಕೆಳಗೆ ಕಲಿತವರೆಲ್ಲ, ಮೆಕ್ಸಿಕೋದವರು, ಕೊರಿಯಾದವರು, ಲಾಸ್ ಗ್ಯಾಟೋಸಿನ ಒಬ್ಬ ಹಲ್ಲಿನ ಡಾಕ್ಟರು ಕೂಡ, ಆಫ್‌ಸೈಡ್ ಕಂಡರೆ ಒಳಗೊಳಗೇ ಬಿಸಿಬೇಳೆಬಾತ್ ಎನ್ನತೊಡಗಿದರು. ಅದೇನೆಂದು ಅವರಲ್ಲಿ ಅರ್ಧ ಜನಕ್ಕೆ ಇವತ್ತಿಗೂ ಗೊತ್ತಿಲ್ಲ.

ಕಾಯುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ಒಂದು ನಿಂಬೆಹಣ್ಣಿನಿಂದ. ನಮ್ಮ ಕನ್ನಡದ ಮನೆಗಳ ಮಕ್ಕಳೇ ಸೇರಿ ಕಟ್ಟಿದ ಒಂದು ಟೀಮಿನ ಮ್ಯಾಚು. ನಾನು ಮಧ್ಯದ ರೆಫ್ರೀ, ಉರ್ಸುಲಾ ಲೈನಿನಲ್ಲಿ. ಹುಡುಗನೊಬ್ಬ ಒದ್ದ ಬಾಲು ಬಳಲಿದ ದನದ ಹಾಗೆ ಗೋಲಿನ ಕಂಬದ ಕಡೆ ಉರುಳಿತು. ಗೋಲ್‌ಕೀಪರ್ ಅದನ್ನು ಹಿಡಿಯಲೆಂದು ಬಗ್ಗಿದ. ಬಾಲು ಏನಕ್ಕೋ ತಾಗಿ, ಜಿಗಿದು, ಅವನ ಇನ್ನೊಂದು ಪಕ್ಕದಿಂದ ಒಳಗೆ ಹೋಯಿತು. ನಮ್ಮ ಮಕ್ಕಳು ಗೋಲು ಹೊಡೆದ ಸಂಭ್ರಮದಲ್ಲಿ ನಾನು ಬಿಸಿ ಎಂಬಲ್ಲಿಗೂ ಕಾಯದೆ ಸೀಟಿ ಊದಿ ಗೋಲು ಕೊಟ್ಟೆ.

ಉರ್ಸುಲಾ ನಿಂತೇ ಇದ್ದಳು. ಆಮೇಲೆ ನಿಧಾನವಾಗಿ ಬಾವುಟ ಎತ್ತಿ, ನಡೆದು ಬಂದು, ಕಂಬದ ಬುಡದಿಂದ ಒಂದು ನಿಂಬೆಹಣ್ಣು ಎತ್ತಿದಳು. ಕ್ಯಾಲಿಫೋರ್ನಿಯಾದ ಹಿತ್ತಲ ನಿಂಬೆ, ಕೋಳಿಮೊಟ್ಟೆಗಿಂತ ದಪ್ಪ. ಅರ್ಧ ಸೀಳಿ ಕುಂಕುಮ ತುಂಬಿತ್ತು. ಅವಳ ಬೆರಳೆಲ್ಲ ಕೆಂಪಾಯಿತು.

"ವಸು, ಇದಕ್ಕೆ ಗಾಯವಾಗಿದೆ," ಎಂದಳು.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದಿದ್ದ ಸರಸ್ವತಿಬಾಯಿ ಸೀರೆ ಎತ್ತಿ ಹಿಡಿದು ಗ್ರೌಂಡಿನೊಳಗೇ ನಡೆದು ಬಂದರು. ಗೋಲು ಹೊಡೆದ ಹುಡುಗನ ಅಜ್ಜಿ. "ಬಾಯಾರ, ಗೋಲ ಆತು ಅಂತ ನೀವಽ ಸೀಟಿ ಊದೀರಿ. ಈಗ ಈಕಿ ಏನ ತಕರಾರ ತಗದಾಳ?"

"ಅಜ್ಜಿ, ಈ ನಿಂಬೆಹಣ್ಣು ಯಾರು ಇಟ್ಟಿದ್ದು?"

"ನಾನಽ ಇಟ್ಟೀನ್ರಿ. ಮೊಮ್ಮಗ ಗೋಲ ಹೊಡೀಲಿ ಅಂತ ಇಟ್ಟೆ. ಹೊಡದಾನಲ್ಲ ಮತ್ತ?"

"ಅಜ್ಜಿ, ಪ್ಲೀಸ್, ಡೋಂಟ್ ಹೆಲ್ಪ್," ಎಂದ ಹುಡುಗ, ಮುಖ ಮುಚ್ಚಿಕೊಂಡು.

ಅವರು ಹೇಳಿದ್ದನ್ನು ಉರ್ಸುಲಾಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ಹೊರಗಿನ ವಸ್ತು ಬಾಲಿಗೆ ತಾಗಿ ಗೋಲ್‌ಕೀಪರ್ ಮೋಸಹೋಗಿದ್ದಾನೆ. ಇಟ್ಟವರು ಒಪ್ಪಿಕೊಂಡೂ ಆಯಿತು. ಗೋಲು ಇಲ್ಲ, ಡ್ರಾಪ್ ಬಾಲ್, ಬಾಲು ನೆಲಕ್ಕೆ ಬಿಟ್ಟು ಆಟ ಮತ್ತೆ ಶುರು," ಎಂದಳು. ಕೊಟ್ಟ ಗೋಲನ್ನು ವಾಪಸು ತೆಗೆದುಕೊಂಡೆ. ಆ ಸಲದ ಕನ್ನಡ ಸಂಘದ ಯುಗಾದಿ ಊಟದಲ್ಲಿ ನನ್ನ ಎಲೆಗೆ ಹೋಳಿಗೆ ತಡವಾಗಿ ಬಂತು. ಅವತ್ತಿನಿಂದ ಉರ್ಸುಲಾ ಮ್ಯಾಚಿಗೆ ಮುಂಚೆ ಗ್ರೌಂಡು ನೋಡುವಾಗ ಗಟ್ಟಿಯಾಗಿ ಹೇಳಿಕೊಳ್ಳುವಳು: ಪೋಸ್ಟು, ನೆಟ್ಟು, ಲೆಮನ್.

ವರ್ಷಗಳು ಕಳೆದಂತೆ ಕೆಲಸದ ರೀತಿ ಬದಲಾಯಿತು. ಮೊದಲು ನಾನು ಫೋನು ಮಾಡಿ ಕಾಡಿ ಬೇಡಿ ಮ್ಯಾಚು ಹಂಚುತ್ತಿದ್ದೆ, ಯಾರ ಮನೆಯಲ್ಲಿ ಬಾಣಂತನ, ಯಾರಿಗೆ ಮಂಡಿನೋವು ಎಲ್ಲ ಗೊತ್ತಾಗುತ್ತಿತ್ತು. ಈಗ ಆ್ಯಪ್ ಹಂಚುತ್ತದೆ, ಯಾರ ಮಂಡಿಯ ಬಗ್ಗೆಯೂ ಅದಕ್ಕೆ ಕಾಳಜಿಯಿಲ್ಲ. ಕಿವಿಯಲ್ಲಿ ಹೆಡ್‌ಸೆಟ್ಟು ಬಂತು, ರೆಫ್ರೀಗಳು ಮೂವರೂ ಆಟದುದ್ದಕ್ಕೂ ಹರಟುತ್ತಾರೆ. ಆಮೇಲೆ ಓಟದ ಪರೀಕ್ಷೆಯ ಹೊಸ ನಿಯಮ ಬಂತು. ವಯಸ್ಸು ಎಷ್ಟೇ ಇರಲಿ, ಎಲ್ಲರಿಗೂ ಒಂದೇ ಪರೀಕ್ಷೆ. ಪಾಸಾಗದವರ ಬ್ಯಾಜು ರದ್ದು. ಬೋರ್ಡಿನ ಮೀಟಿಂಗಿನಲ್ಲಿ ಇದು ಸರಿ ಎಂದು ಮೊದಲು ಕೈ ಎತ್ತಿದವಳು ಉರ್ಸುಲಾ. ಬಿಸಿಬೇಳೆಬಾತ್ ಹೇಳದೆ ಅವಳು ಕೈ ಎತ್ತಿದ್ದು ನಾನು ಕಂಡಂತೆ ಅದೊಂದೇ ಸಲ.

ಆಗ ಅವಳಿಗೆ ಎಪ್ಪತ್ತರ ಹತ್ತಿರ. ಬ್ಯಾಜು ಹೋದರೂ ಆಫೀಸಿನಲ್ಲಿ ಕುರ್ಚಿ ಇರುತ್ತಿತ್ತು. ಅವಳಿಗೆ ಬೇಕಾದದ್ದು ಕುರ್ಚಿಯಲ್ಲ. ವರ್ಷಕ್ಕೊಮ್ಮೆ ಹುಡುಗಿಯರ ಫೈನಲ್ಲಿನಲ್ಲಿ ಒಂದು ಲೈನು ಅವಳದು ಎಂದು ನಮ್ಮಲ್ಲಿ ನಡೆದುಬಂದಿತ್ತು. ಅದೊಂದಕ್ಕೆ ವರ್ಷವಿಡೀ ಕಾಯುವಳು.

ಪರೀಕ್ಷೆ ರೆಡ್‌ವುಡ್ ಸಿಟಿಯ ಒಂದು ಸ್ಕೂಲಿನ ಟ್ರ್ಯಾಕಿನಲ್ಲಿ. ನಡೆಸುವವನು ಕಾನರ್ ಎಂಬ ಹುಡುಗ, ಒಳ್ಳೆಯವನೇ. ಒಂದು ಸ್ಪೀಕರ್ ಇಟ್ಟಿರುತ್ತಾನೆ. ಬೀಪ್ ಎಂದರೆ ಓಡಬೇಕು, ಮುಂದಿನ ಬೀಪ್ ಆಗುವುದರೊಳಗೆ ಆಚೆ ಗೆರೆ ಮುಟ್ಟಬೇಕು. ನಡೆದು ಹಿಂದಿರುಗಿ ಮತ್ತೆ ಓಟ, ಹೀಗೆ ಹಲವು ಸುತ್ತು. ತಡವಾಗಿ ಮುಟ್ಟಿದರೂ, ಬೀಪಿಗೆ ಮುಂಚೆ ಹೊರಟರೂ ಮೊದಲು ಎಚ್ಚರಿಕೆ, ಎರಡನೆಯ ಸಲ ಔಟ್. ಔಟಾದವರಿಗೆ ಇನ್ನೊಂದೇ ಅವಕಾಶ.

ಮೊದಲ ದಿನ ನಾನು ತಲುಪುವಷ್ಟರಲ್ಲಿ ಪರೀಕ್ಷೆ ಶುರುವಾಗಿಬಿಟ್ಟಿತ್ತು. ಟ್ರಾಫಿಕ್ಕು ಎಂದೆ. ಕಾನರ್ ಕೇಳಲಿಲ್ಲ, ಎರಡನೆಯ ದಿನ ಬನ್ನಿ ಎಂದ. ಹಾಗಾಗಿ ಬೇಲಿಯಾಚೆ ನಿಂತು ನೋಡಿದೆ. ಉರ್ಸುಲಾ ಆ ವಯಸ್ಸಿನಲ್ಲೂ ಓಡಿದ್ದು ನೋಡುವಂತಿತ್ತು. ಹೊರಟ ಮೇಲೆ ಅರ್ಧ ವಯಸ್ಸಿನವರನ್ನೆಲ್ಲ ಹಿಡಿದುಬಿಡುತ್ತಿದ್ದಳು. ಆದರೆ ಹೊರಡುತ್ತಲೇ ಇರಲಿಲ್ಲ. ಬೀಪ್ ಆಗುತ್ತಿತ್ತು, ಎಲ್ಲರೂ ಹೋಗುತ್ತಿದ್ದರು, ಇವಳು ನಿಂತಿರುತ್ತಿದ್ದಳು, ಆಮೇಲೆ ಹೊರಡುವಳು. ಗೆರೆ ಒಂದು ಹೆಜ್ಜೆ ಇರುವಾಗ ಮುಂದಿನ ಬೀಪ್. ಎರಡು ಸಲ ಹಾಗಾಗಿ ಕಾನರ್ ಅವಳನ್ನು ಹೊರಗೆ ಕರೆದ.

ನಾನು ಬೇಲಿಯ ಬಳಿಯಿಂದ ಅವಳ ತುಟಿ ನೋಡಿದ್ದೆ. ಪಾರ್ಕಿಂಗ್ ಲಾಟಿನಲ್ಲಿ ಹಿಡಿದು ಕೇಳಿದೆ.

"ಬೀಪ್ ಆದ ಮೇಲೆ ಏನು ಹೇಳಿಕೊಳ್ಳುತ್ತೀಯ?"

ಶೂ ಲೇಸು ಬಿಚ್ಚಿದಳು. ಆಮೇಲೆ, "ನಿನ್ನ ಅನ್ನ," ಎಂದಳು.

"ಓಟಕ್ಕೂ ಅದನ್ನು ಹೇಳುತ್ತಾರೇನೇ?"

"ಹೇಳದೆ ನನ್ನ ಕಾಲು ಈಗ ಹೊರಡುವುದಿಲ್ಲ."

ಎರಡನೆಯ ದಿನಕ್ಕೆ ಇನ್ನೂ ಎರಡು ವಾರವಿತ್ತು. ಬೆಳಗ್ಗೆ ಬೆಳಗ್ಗೆ ನಮ್ಮ ಮನೆ ಹತ್ತಿರದ ಟ್ರ್ಯಾಕಿಗೆ ಅವಳನ್ನು ಎಳೆದುಕೊಂಡು ಹೋದೆ. ಬೀಪ್ ಬರುವ ಲಯ ಗೊತ್ತೇ ಇದೆಯಲ್ಲ, ಬಿಸಿಬೇಳೆಬಾತನ್ನು ಮುಂಚೆಯೇ ಶುರು ಮಾಡು, ಅದು ಮುಗಿಯುವುದೂ ಬೀಪ್ ಆಗುವುದೂ ಒಟ್ಟಿಗೆ ಬರಲಿ ಎಂದೆ.

"ಮುಂಚೆ ಮುಗಿದರೆ?"

"ಮುಗಿದರೆ ಏನು?"

"ಮುಗಿದರೆ ನನ್ನ ಕಾಲು ಬೀಪಿಗೆ ಕಾಯುವುದಿಲ್ಲ, ವಸು. ಅದರ ಸ್ವಭಾವ ನನಗೆ ಗೊತ್ತು."

"ಒಂದು ಸಲ ಮುಂಚೆ ಹೋದರೆ ಏನಾಗುತ್ತೆ, ಹೋಗಲಿ ಬಿಡು."

"ನೀನು ಹೋಗಲಿ ಎನ್ನುತ್ತೀಯ. ನಿಮ್ಮ ಜನ ಎಲ್ಲಿಗಾದರೂ ಮುಂಚೆ ಹೋಗಿದ್ದಾರಾ?"

ನಮ್ಮ ಮನೆಯ ಗೃಹಪ್ರವೇಶಕ್ಕೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ನಾನು ಸ್ನಾನ ಮಾಡಿ ಬರುವವರೆಗೆ ಒಬ್ಬಳೇ ಸೋಫಾದ ಮೇಲೆ ಕೂತಿದ್ದವಳು ಅವಳು.

ಎರಡನೆಯ ದಿನ ನಾನು ಹೊತ್ತಿಗೆ ಮುಂಚೆಯೇ ಹೋದೆ. ಉರ್ಸುಲಾ ನಿಲ್ಲುವ ಜಾಗದ ಗುರುತಿಗಿಟ್ಟ ಪ್ಲಾಸ್ಟಿಕ್ ಕೋನಿನ ಅಡಿ ಒಂದು ನಿಂಬೆಹಣ್ಣು ಇಟ್ಟೆ. ಸಿಸ್ಟರ್ ಆಗ್ನೆಸ್ ನೋಡಿದ್ದರೆ ಕಿವಿ ಹಿಂಡುತ್ತಿದ್ದರು. ಕೋನು ಓರೆಯಾದದ್ದು ಕಂಡು ಕಾನರ್ ಎತ್ತಿ ನೋಡಿದ.

"ವಾಟ್ ಈಸ್ ದಿಸ್?"

"ಎಕ್ವಿಪ್‌ಮೆಂಟ್," ಎಂದಳು ಉರ್ಸುಲಾ, ಮುಖ ಸಡಿಲಿಸದೆ. ಅವನು ತಲೆ ಕೆರೆದುಕೊಂಡು ಅದನ್ನು ಹಾಗೇ ಮುಚ್ಚಿಟ್ಟ.

ಇಬ್ಬರೂ ಪಕ್ಕಪಕ್ಕದಲ್ಲಿ ನಿಂತೆವು. ಮೊದಲ ಸುತ್ತುಗಳು ಸಲೀಸಾಗಿ ಹೋದವು. ಅರ್ಧದಲ್ಲಿ ನನಗೆ ಉಸಿರು ಹತ್ತದೆ ಒಂದು ಸಲ ಗೆರೆ ತಪ್ಪಿತು, ಎಚ್ಚರಿಕೆ ಸಿಕ್ಕಿತು. ಅವಳದು ಬಿಸಿಬೇಳೆ ಎನ್ನುವಾಗ ಬೆನ್ನು ಬಗ್ಗುವುದು, ಬಾತ್ ಎನ್ನುವಾಗ ಬೀಪ್, ಆಗ ಹೊರಡುವುದು. ಇನ್ನು ಎರಡೇ ಸುತ್ತು ಉಳಿದವು. ಆಗ ಅವಳ ಕಾಲು ತನ್ನ ಸ್ವಭಾವ ತೋರಿಸಿತು. ಬೀಪಿಗೆ ಮುಂಚೆಯೇ ಹೊರಟುಹೋದಳು.

"ಉರ್ಸುಲಾ, ಅರ್ಲಿ. ದಟ್ಸ್ ಯುವರ್ ವಾರ್ನಿಂಗ್," ಎಂದ ಕಾನರ್. ಅವನಿಗೇನು ಗೊತ್ತು.

ತಿರುಗಿ ಬಂದು ಗೆರೆಯ ಮೇಲೆ ನಿಂತಳು. ಮುಖ ಸುಣ್ಣದ ಗೋಡೆಯಂತಾಗಿತ್ತು. ಒಂದು ಎಚ್ಚರಿಕೆ ಆಯಿತು, ಉಳಿದದ್ದು ಒಂದು ಓಟ. ಅಮ್ಮ ಕೇಕು ಹಿಡಿದು ಕೂತಿದ್ದ ದಿನದ ಹಾಗೆಯೇ. ಮುಂಚೆ ಹೋದರೂ ಔಟ್, ಕಾದು ನಿಂತರೂ ಔಟ್.

"ಹೇಳಿಕೊಳ್ಳಲು ಆಗುತ್ತಿಲ್ಲ," ಎಂದಳು, ತುಟಿ ಅಲುಗಿಸದೆ. "ಪದವೇ ಮರೆತುಹೋಗಿದೆ."

"ನಾನು ಹೇಳುತ್ತೇನೆ. ನೀನು ಕೇಳಿಸಿಕೋ, ಸಾಕು."

ಗಟ್ಟಿಯಾಗಿಯೇ ಹೇಳಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಿಸಿ. ಬೇಳೆ. ಬಾತ್ ಎಂದದ್ದೂ ಬೀಪ್ ಎಂದದ್ದೂ ಒಂದೇ ಸಲ. ಅವಳು ಹೋದಳು.

ನೀವು ಯಾರೂ ಅವಳು ಓಡಿದ್ದನ್ನು ನೋಡಿಲ್ಲ, ಮಕ್ಕಳೇ. ಮುದುಕಿಯ ಓಟವಲ್ಲ ಅದು. ಬಿಸಿ ಆರುವುದರೊಳಗೆ ಬ್ರೆಡ್ಡು ಮುಟ್ಟಿಸಬೇಕಾದ ಹುಡುಗಿಯ ಓಟ. ಮಂಡಿ ಎದೆಗೆ ಬರುತ್ತಿತ್ತು, ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು ಆಚೆ ಗೆರೆ ದಾಟಿ, ಬೀಪ್ ಆಗುವಷ್ಟರಲ್ಲಿ ತಿರುಗಿ ನಿಂತು ನನ್ನನ್ನು ಹುಡುಕಿದಳು. ನಾನು ಈಚೆ ಗೆರೆಯ ಮೇಲೇ ಇದ್ದೆ. ನೋಡುತ್ತಾ ನಿಂತವಳು ಓಡುವುದನ್ನೇ ಮರೆತಿದ್ದೆ.

"ಮಿಸ್ ವಸುಧಾ, ಯು ಡಿಡ್ ನಾಟ್ ಗೋ," ಎಂದ ಕಾನರ್, ಪಾಪ, ಬೇಸರದಿಂದ. ಅದು ನನ್ನ ಎರಡನೆಯ ತಪ್ಪು. ಮೊದಲ ಅವಕಾಶವನ್ನು ಟ್ರಾಫಿಕ್ಕು ತಿಂದಿತ್ತು. ಹೀಗೆ ನಾನು ರಿಟೈರ್ ಆದದ್ದು. ಹಾರ ಇಲ್ಲ, ಭಾಷಣ ಇಲ್ಲ, ಒಂದು ಬೀಪ್.

ಆ ವರ್ಷದ ಹುಡುಗಿಯರ ಫೈನಲ್ಲನ್ನು ಸ್ಟ್ಯಾಂಡಿನಲ್ಲಿ ಕೂತು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ನೋಡಿದೆ. ಮೊದಲರ್ಧದ ಕೊನೆಗೆ ಒಂದು ಪಾಸು ಬಂತು. ಮುಂದೆ ನಿಂತಿದ್ದ ಹುಡುಗಿ ಸ್ಪಷ್ಟವಾಗಿ ಆಫ್‌ಸೈಡ್. ಅಮ್ಮಂದಿರು ಎದ್ದು ನಿಂತು ಕಿರುಚಿದರು, ಫ್ಲ್ಯಾಗ್, ಫ್ಲ್ಯಾಗ್. ಉರ್ಸುಲಾಳ ಬಾವುಟ ಏಳಲಿಲ್ಲ. ಮುಂದಿದ್ದ ಹುಡುಗಿ ಬಾಲು ಮುಟ್ಟದೆ ಬಿಟ್ಟಳು, ಹಿಂದಿನಿಂದ ಓಡಿಬಂದ ಇನ್ನೊಬ್ಬಳು ಅದನ್ನು ಗೋಲಿಗೆ ಹೊಡೆದಳು. ಸರಿಯಾದ ಗೋಲು. ಅಮ್ಮಂದಿರು ಕೂತರು.

ಹಾಫ್‌ಟೈಮಿನಲ್ಲಿ ಅವಳು ಸ್ಟ್ಯಾಂಡಿನ ಕೆಳಗೆ ಬಂದು ಡಬ್ಬಿಗೆ ಕೈ ಚಾಚಿದಳು.

"ವಸು, ಅವತ್ತು ನೀನು ಲೇಟು."

"ಹೌದು."

"ಎಲ್ಲಾ ಸರಿಯಾಗಿ ನೋಡಿದೆಯಾ?"

"ನೋಡಿದೆ. ಮಂಡಿ ಎತ್ತಿ ಓಡುತ್ತೀಯ. ಯಾರು ಕಲಿಸಿದ್ದು?"

ಅವಳು ತಕ್ಷಣ ನಗಲಿಲ್ಲ. ಬಿಸಿಬೇಳೆಬಾತ್ ಎನ್ನುವಷ್ಟು ಹೊತ್ತು ನನ್ನನ್ನೇ ನೋಡುತ್ತಾ ನಿಂತು, ಆಮೇಲೆ ನಕ್ಕಳು.